ಆಪ್-ಆಂಪ್ ಸರ್ಕ್ಯೂಟಿನ ವೋಲ್ಟೇಜ್ ಗೇನ್: ಲೆಕ್ಕ ಹಾಕುವ ಬಗೆ

ಆಪರೇಷನಲ್ ಆಂಪ್ಲಿಫೈಯರ್, ಬಳಕೆಯ ಮಾತಿನಲ್ಲಿ ಆಪ್-ಆಂಪ್, ತನ್ನ ಪ್ಲಸ್ ಮತ್ತು ಮೈನಸ್ ಎಂಬ ಎರಡು ಇನ್‌ಪುಟ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಹಿಗ್ಗಿಸಿ ಔಟ್‌ಪುಟ್‌ಗೆ ಕೊಡುವ ಐಸಿ. ಸರ್ಕ್ಯೂಟಿನ ಔಟ್‌ಪುಟ್ ವೋಲ್ಟೇಜನ್ನು ಇನ್‌ಪುಟ್ ವೋಲ್ಟೇಜಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ವೋಲ್ಟೇಜ್ ಗೇನ್. 50 ಮಿಲಿವೋಲ್ಟ್ ಒಳಗೆ ಹೋಗಿ 1 ವೋಲ್ಟ್ ಹೊರಬಂದರೆ ಗೇನ್ 20. ಔಟ್‌ಪುಟ್ ಇನ್‌ಪುಟ್‌ಗೆ ವಿರುದ್ಧ ದಿಕ್ಕಿನಲ್ಲಿ ಬದಲಾಗುವುದಾದರೆ ಆ ಸಂಖ್ಯೆಯ ಮುಂದೆ ಮೈನಸ್ ಚಿಹ್ನೆ ಬರುತ್ತದೆ. ಮೈನಸ್ ಎಂದರೆ ಗೇನ್ ಕಡಿಮೆಯಾಯಿತು ಎಂದಲ್ಲ, ಅಲೆ ತಲೆಕೆಳಗಾಯಿತು ಎಂದಷ್ಟೇ.

ಪಠ್ಯಪುಸ್ತಕಗಳಲ್ಲಿ ಒಂದೊಂದು ಸರ್ಕ್ಯೂಟಿಗೂ ಒಂದೊಂದು ಸೂತ್ರವಿದೆ. ಪರೀಕ್ಷೆಗೆ ಅವು ಸಾಕಾಗಬಹುದು. ಆದರೆ ಸರ್ಕ್ಯೂಟಿನಲ್ಲಿ ಒಂದೇ ಒಂದು ರೆಸಿಸ್ಟರ್ ಜಾಗ ಬದಲಿಸಿದರೂ ಬಾಯಿಪಾಠದ ಸೂತ್ರ ಕೈಕೊಡುತ್ತದೆ. ಎರಡು ನಿಯಮ ಮತ್ತು ಓಂನ ನಿಯಮ ಗೊತ್ತಿದ್ದರೆ ಆಪ್-ಆಂಪಿನ ಯಾವ ಸರ್ಕ್ಯೂಟಿನ ಗೇನನ್ನೂ ಕಾಗದದ ಮೇಲೆ ಕಂಡುಹಿಡಿಯಬಹುದು. ಹಾಗೆ ಬಂದ ಉತ್ತರ ಯಾವಾಗ ನಿಜವಾಗುವುದಿಲ್ಲ ಎಂಬುದನ್ನು ತಿಳಿಯುವುದು ಲೆಕ್ಕದ ಎರಡನೆಯ ಅರ್ಧ. ಹೆಚ್ಚಿನವರು ಅಷ್ಟು ದೂರ ಹೋಗುವುದೇ ಇಲ್ಲ.

ಐಸಿಯ ಸ್ವಂತ ಗೇನ್

ಫೇರ್‌ಚೈಲ್ಡ್ ಸಂಸ್ಥೆಯಲ್ಲಿ ಡೇವ್ ಫುಲ್ಲಗರ್ ವಿನ್ಯಾಸಗೊಳಿಸಿ 1968ರಲ್ಲಿ ಹೊರಬಂದ 741 ಇಂದಿಗೂ ಕಾಲೇಜು ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವ ಆಪ್-ಆಂಪ್. ಹೊರಗೆ ಯಾವ ರೆಸಿಸ್ಟರನ್ನೂ ಜೋಡಿಸದಿರುವಾಗ ಅದಕ್ಕೆ ಇರುವ ಗೇನಿಗೆ ಓಪನ್-ಲೂಪ್ ಗೇನ್ ಎನ್ನುತ್ತಾರೆ. ಡೇಟಾಶೀಟಿನ ಪ್ರಕಾರ ಅದು ಸಾಮಾನ್ಯವಾಗಿ 2,00,000. ಆದರೆ ವಾಣಿಜ್ಯ ದರ್ಜೆಯ ಐಸಿಗೆ ತಯಾರಕರು ಖಾತರಿ ಕೊಡುವುದು 20,000ಕ್ಕೆ ಮಾತ್ರ. ಅಂದರೆ ಒಂದೇ ಪೊಟ್ಟಣದಿಂದ ತೆಗೆದ ಎರಡು ಐಸಿಗಳ ನಡುವೆ ಹಲವು ಪಟ್ಟು ವ್ಯತ್ಯಾಸವಿರಬಹುದು. ಬಿಸಿಯಾದಾಗ ಅದು ಮತ್ತೆ ಬದಲಾಗುತ್ತದೆ.

ಇಷ್ಟು ದೊಡ್ಡ ಗೇನನ್ನು ನೇರವಾಗಿ ಬಳಸಲು ಬರುವುದಿಲ್ಲ. ±15 ವೋಲ್ಟ್ ಸಪ್ಲೈನಲ್ಲಿ 741ರ ಔಟ್‌ಪುಟ್ ಸುಮಾರು ±14 ವೋಲ್ಟ್ ದಾಟಲಾರದು. 14 ವೋಲ್ಟನ್ನು 2,00,000ದಿಂದ ಭಾಗಿಸಿದರೆ 70 ಮೈಕ್ರೊವೋಲ್ಟ್. ಇನ್‌ಪುಟ್‌ಗಳ ನಡುವೆ ಅಷ್ಟು ವ್ಯತ್ಯಾಸ ಬಂದರೆ ಸಾಕು, ಔಟ್‌ಪುಟ್ ತುತ್ತತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಈ ಸ್ಥಿತಿಗೆ ಸ್ಯಾಚುರೇಷನ್ ಎಂದು ಹೆಸರು.

ದೊಡ್ಡದಾದರೂ ನಂಬಲಾಗದ ಗೇನನ್ನು ಬಿಟ್ಟುಕೊಟ್ಟು, ಚಿಕ್ಕದಾದರೂ ನಂಬಬಹುದಾದ ಗೇನನ್ನು ಪಡೆಯುವ ಉಪಾಯವನ್ನು ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಕೊಂಡರು. ದೂರದ ಟೆಲಿಫೋನ್ ಮಾರ್ಗಗಳ ಆಂಪ್ಲಿಫೈಯರ್‌ಗಳಲ್ಲಿ ಧ್ವನಿ ಕೆಡುವುದನ್ನು ತಪ್ಪಿಸುವುದು ಅವರ ಗುರಿಯಾಗಿತ್ತು. ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಿರುದ್ಧವಾಗಿ ಹಿಂದಿರುಗಿಸುವ ಈ ಉಪಾಯವೇ ನೆಗೆಟಿವ್ ಫೀಡ್‌ಬ್ಯಾಕ್. ಇದನ್ನು ಅಳವಡಿಸಿದ ಮೇಲೆ ಗೇನನ್ನು ತೀರ್ಮಾನಿಸುವುದು ಐಸಿ ಅಲ್ಲ, ಹೊರಗಿನ ರೆಸಿಸ್ಟರ್‌ಗಳು.

ಎರಡು ನಿಯಮಗಳು

ಮೊದಲನೆಯದು, ಆಪ್-ಆಂಪಿನ ಎರಡು ಇನ್‌ಪುಟ್ ಪಿನ್‌ಗಳೊಳಗೂ ಕರೆಂಟ್ ಹರಿಯುವುದಿಲ್ಲ. ಎರಡನೆಯದು, ನೆಗೆಟಿವ್ ಫೀಡ್‌ಬ್ಯಾಕ್ ಇದ್ದಾಗ ಔಟ್‌ಪುಟ್ ತನ್ನನ್ನು ತಾನೇ ಹೊಂದಿಸಿಕೊಂಡು ಎರಡು ಇನ್‌ಪುಟ್‌ಗಳ ವೋಲ್ಟೇಜನ್ನು ಸಮವಾಗಿ ಇಡುತ್ತದೆ.

ಎರಡೂ ಪೂರ್ತಿ ನಿಜವಲ್ಲ, ಆದರೆ ನಿಜಕ್ಕೆ ತೀರ ಹತ್ತಿರ. 741ರ ಇನ್‌ಪುಟ್‌ಗೆ ಹರಿಯುವ ಬಯಾಸ್ ಕರೆಂಟ್ ಸುಮಾರು 80 ನ್ಯಾನೊಆಂಪಿಯರ್. ಸುತ್ತಲಿನ ರೆಸಿಸ್ಟರ್‌ಗಳಲ್ಲಿ ಹರಿಯುವ ಮಿಲಿಆಂಪಿಯರ್ ಅಥವಾ ಹತ್ತಾರು ಮೈಕ್ರೊಆಂಪಿಯರ್‌ಗಳ ಎದುರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಇನ್‌ಪುಟ್‌ಗಳ ನಡುವೆ ಉಳಿಯುವ ವ್ಯತ್ಯಾಸವೂ ಮೈಕ್ರೊವೋಲ್ಟ್‌ಗಳಲ್ಲಿ. ಎರಡನೆಯ ನಿಯಮಕ್ಕೆ ಅಂಟಿಕೊಂಡ ಷರತ್ತನ್ನು ಮಾತ್ರ ಮರೆಯುವಂತಿಲ್ಲ. ಫೀಡ್‌ಬ್ಯಾಕ್ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೇ ಬರಬೇಕು. ಪ್ಲಸ್ ಇನ್‌ಪುಟ್‌ಗೆ ಬಂದರೆ ಅದು ಪಾಸಿಟಿವ್ ಫೀಡ್‌ಬ್ಯಾಕ್. ಆಗ ಔಟ್‌ಪುಟ್ ಒಂದು ತುದಿಗೆ ಹೋಗಿ ನಿಲ್ಲುತ್ತದೆ, ಈ ಎರಡನೆಯ ನಿಯಮ ಅಲ್ಲಿ ಅನ್ವಯಿಸುವುದೇ ಇಲ್ಲ.

ಇನ್ವರ್ಟಿಂಗ್ ಆಂಪ್ಲಿಫೈಯರ್

ಪ್ಲಸ್ ಇನ್‌ಪುಟ್ ಗ್ರೌಂಡಿಗೆ ಸೇರಿದೆ. ಸಿಗ್ನಲ್ ಆರ್1 ಎಂಬ ರೆಸಿಸ್ಟರ್ ಮೂಲಕ ಮೈನಸ್ ಇನ್‌ಪುಟ್‌ಗೆ ಬರುತ್ತದೆ. ಔಟ್‌ಪುಟ್‌ನಿಂದ ಆರ್2 ಎಂಬ ರೆಸಿಸ್ಟರ್ ಅದೇ ಮೈನಸ್ ಇನ್‌ಪುಟ್‌ಗೆ ಹಿಂದಿರುಗುತ್ತದೆ. ಆರ್1 10 ಕಿಲೋ ಓಂ, ಆರ್2 100 ಕಿಲೋ ಓಂ, ಇನ್‌ಪುಟ್ 0.2 ವೋಲ್ಟ್ ಎಂದು ಇಟ್ಟುಕೊಳ್ಳೋಣ.

ಪ್ಲಸ್ ಇನ್‌ಪುಟ್ ಸೊನ್ನೆ ವೋಲ್ಟಿನಲ್ಲಿದೆ. ಎರಡನೆಯ ನಿಯಮದಂತೆ ಮೈನಸ್ ಇನ್‌ಪುಟ್ ಕೂಡ ಸೊನ್ನೆ ವೋಲ್ಟ್, ಗ್ರೌಂಡಿಗೆ ಜೋಡಿಸದಿದ್ದರೂ. ಇದಕ್ಕೆ ವರ್ಚುವಲ್ ಗ್ರೌಂಡ್ ಎನ್ನುತ್ತಾರೆ. ಹಾಗಾದರೆ ಆರ್1ರ ಮೇಲೆ ಪೂರ್ತಿ 0.2 ವೋಲ್ಟ್ ಇದೆ, ಅದರಲ್ಲಿ ಹರಿಯುವುದು 20 ಮೈಕ್ರೊಆಂಪಿಯರ್. ಮೊದಲ ನಿಯಮದಂತೆ ಈ ಕರೆಂಟ್ ಐಸಿಯೊಳಗೆ ಹೋಗದು. ಉಳಿದಿರುವ ದಾರಿ ಆರ್2 ಒಂದೇ. 100 ಕಿಲೋ ಓಂನಲ್ಲಿ 20 ಮೈಕ್ರೊಆಂಪಿಯರ್ ಹರಿದರೆ 2 ವೋಲ್ಟ್ ಇಳಿಯುತ್ತದೆ. ಸೊನ್ನೆಯಿಂದ 2 ವೋಲ್ಟ್ ಇಳಿದರೆ ಔಟ್‌ಪುಟ್ −2 ವೋಲ್ಟ್. ಗೇನ್ −10.

ಗೇನ್ = −(ಆರ್2 ÷ ಆರ್1)

ಇಲ್ಲಿ ನಡೆಯುವುದು ಬಾವಿಯ ಏತದಂತೆ. ವರ್ಚುವಲ್ ಗ್ರೌಂಡ್ ಅದರ ಆಧಾರದ ಕಂಬ, ಆರ್1 ಚಿಕ್ಕ ತೋಳು, ಆರ್2 ಉದ್ದದ ತೋಳು. ಒಂದು ತುದಿ ಮೇಲೆದ್ದಾಗ ಇನ್ನೊಂದು ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ತೋಳುಗಳ ಉದ್ದದ ಅನುಪಾತ.

ಈ ಸರ್ಕ್ಯೂಟಿನ ಇನ್‌ಪುಟ್ ರೆಸಿಸ್ಟೆನ್ಸ್ ಆರ್1ರಷ್ಟೇ. ಸಿಗ್ನಲ್ ಕೊಡುವ ಮೂಲಕ್ಕೆ ತನ್ನದೇ 10 ಕಿಲೋ ಓಂ ಒಳ ರೆಸಿಸ್ಟೆನ್ಸ್ ಇದ್ದರೆ ಅದು ಆರ್1ರ ಜೊತೆ ಸೇರಿಕೊಂಡು 20 ಕಿಲೋ ಓಂ ಆಗುತ್ತದೆ, ಗೇನ್ −10ರ ಬದಲು −5ಕ್ಕೆ ಇಳಿಯುತ್ತದೆ. ಸೂತ್ರ ಸರಿಯಾಗಿದ್ದೂ ಅಳತೆ ಅರ್ಧಕ್ಕೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇದೇ ವರ್ಚುವಲ್ ಗ್ರೌಂಡಿಗೆ ಇನ್ನೂ ಎರಡು ಮೂರು ಸಿಗ್ನಲ್‌ಗಳನ್ನು ತಮ್ಮ ತಮ್ಮ ರೆಸಿಸ್ಟರ್ ಮೂಲಕ ತಂದರೆ ಅವುಗಳ ಕರೆಂಟ್‌ಗಳೆಲ್ಲ ಕೂಡಿಕೊಂಡು ಆರ್2ರಲ್ಲಿ ಹರಿಯುತ್ತವೆ. ಅದು ಸಮ್ಮಿಂಗ್ ಆಂಪ್ಲಿಫೈಯರ್. ಪ್ರತಿ ಇನ್‌ಪುಟ್‌ಗೂ ಪ್ರತ್ಯೇಕ ಗೇನ್. ಅದನ್ನು ಕಂಡುಹಿಡಿಯಲು ಆರ್2ನ್ನು ಆಯಾ ಇನ್‌ಪುಟ್ ರೆಸಿಸ್ಟರಿನಿಂದ ಭಾಗಿಸಿ ಮೈನಸ್ ಹಾಕಿದರಾಯಿತು.

ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರ್

ಈಗ ಸಿಗ್ನಲ್ ನೇರವಾಗಿ ಪ್ಲಸ್ ಇನ್‌ಪುಟ್‌ಗೆ ಹೋಗುತ್ತದೆ. ಆರ್1ರ ಒಂದು ತುದಿ ಮೈನಸ್ ಇನ್‌ಪುಟ್‌ಗೆ, ಇನ್ನೊಂದು ಗ್ರೌಂಡಿಗೆ. ಆರ್2 ಹಿಂದಿನಂತೆಯೇ. ಅದೇ ಬೆಲೆಗಳು, ಅದೇ 0.2 ವೋಲ್ಟ್. ಮೈನಸ್ ಇನ್‌ಪುಟ್ ಕೂಡ 0.2 ವೋಲ್ಟಿಗೆ ಬರುತ್ತದೆ. ಆರ್1ರಲ್ಲಿ ಗ್ರೌಂಡಿನ ಕಡೆಗೆ 20 ಮೈಕ್ರೊಆಂಪಿಯರ್ ಹರಿಯುತ್ತದೆ. ಅದು ಆರ್2 ಮೂಲಕವೇ ಬಂದಿರಬೇಕು, ಅಲ್ಲಿ 2 ವೋಲ್ಟ್. ಔಟ್‌ಪುಟ್ 2 + 0.2 = 2.2 ವೋಲ್ಟ್. ಗೇನ್ 11.

ಗೇನ್ = 1 + (ಆರ್2 ÷ ಆರ್1)

ಆ 1 ಎಲ್ಲಿಂದ ಬಂತು ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ಔಟ್‌ಪುಟ್ ಏರುವುದು ಸೊನ್ನೆಯಿಂದಲ್ಲ, ಇನ್‌ಪುಟ್ ವೋಲ್ಟೇಜಿನ ಮೇಲಿನಿಂದ. ಈ ಜೋಡಣೆಯಲ್ಲಿ ಗೇನ್ 1ಕ್ಕಿಂತ ಕೆಳಗೆ ಇಳಿಯಲಾರದು ಎಂಬುದೂ ಅಲ್ಲಿಂದಲೇ ತಿಳಿಯುತ್ತದೆ. ಆರ್1ನ್ನು ತೆಗೆದುಹಾಕಿ ಆರ್2ರ ಜಾಗದಲ್ಲಿ ಬರೀ ತಂತಿ ಹಾಕಿದರೆ ಗೇನ್ ಸರಿಯಾಗಿ 1. ಅದೇ ವೋಲ್ಟೇಜ್ ಫಾಲೋವರ್. ವೋಲ್ಟೇಜ್ ಹೆಚ್ಚದಿದ್ದರೂ, ಬಲವಿಲ್ಲದ ಮೂಲದಿಂದ ಕರೆಂಟ್ ಎಳೆಯದೆ ಅದರ ವೋಲ್ಟೇಜನ್ನು ಮುಂದಿನ ಹಂತಕ್ಕೆ ತಲುಪಿಸಲು ಇದು ಬೇಕು.

ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಡಿಫರೆನ್ಸ್ ಆಂಪ್ಲಿಫೈಯರ್ ಈ ಎರಡರ ಕೂಡಿಕೆ. ಪ್ಲಸ್ ಬದಿಯ ಎರಡು ರೆಸಿಸ್ಟರ್‌ಗಳು ಮೈನಸ್ ಬದಿಯ ಜೋಡಿಗೆ ಸಮವಾಗಿದ್ದರೆ ಎರಡು ಇನ್‌ಪುಟ್‌ಗಳ ವ್ಯತ್ಯಾಸಕ್ಕೆ ಸಿಗುವ ಗೇನ್ ಆರ್2 ÷ ಆರ್1. ಈ 'ಸಮವಾಗಿದ್ದರೆ' ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೇನ್ 10ರ ಸರ್ಕ್ಯೂಟಿಗೆ ಶೇ 1ರ ರೆಸಿಸ್ಟರ್‌ಗಳನ್ನು ಹಾಕಿದಾಗ, ನಾಲ್ಕರ ದೋಷವೂ ಕೆಟ್ಟ ಕಡೆಗೇ ವಾಲಿದರೆ, ಎರಡೂ ಇನ್‌ಪುಟ್‌ಗಳಲ್ಲಿ ಸಮಾನವಾಗಿರುವ 5 ವೋಲ್ಟ್ ಕೂಡ ಔಟ್‌ಪುಟ್‌ನಲ್ಲಿ ಸುಮಾರು 0.18 ವೋಲ್ಟಾಗಿ ಕಾಣಿಸಿಕೊಳ್ಳುತ್ತದೆ. ತೂಕದ ಯಂತ್ರದ ಲೋಡ್ ಸೆಲ್ಲಿನಂಥ ಮಿಲಿವೋಲ್ಟ್ ಸಿಗ್ನಲ್‌ಗೆ ಇದು ಸಹಿಸಲಾಗದ ತಪ್ಪು. ಅಂಥ ಕಡೆ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಐಸಿ ಬಳಸುತ್ತಾರೆ. ಅಂಥದೊಂದು ಐಸಿಯಾದ ಎಡಿ620ರಲ್ಲಿ ಗೇನನ್ನು ನಿಗದಿ ಮಾಡುವುದು ಹೊರಗಿನ ಒಂದೇ ರೆಸಿಸ್ಟರ್. 49.4 ಕಿಲೋ ಓಂನ್ನು ಅದರ ಬೆಲೆಯಿಂದ ಭಾಗಿಸಿ 1 ಕೂಡಿಸಿದರೆ ಗೇನ್. 499 ಓಂ ಹಾಕಿದರೆ 100.

ಸೂತ್ರ ಗೊತ್ತಿಲ್ಲದ ಸರ್ಕ್ಯೂಟ್

ಎರಡು ನಿಯಮಗಳ ನಿಜವಾದ ಬೆಲೆ ತಿಳಿಯುವುದು ಅಪರಿಚಿತ ಸರ್ಕ್ಯೂಟ್ ಎದುರಾದಾಗ. ಒಂದು ಇನ್ವರ್ಟಿಂಗ್ ಆಂಪ್ಲಿಫೈಯರ್ ಇದೆ. ಆರ್1 100 ಕಿಲೋ ಓಂ. ಫೀಡ್‌ಬ್ಯಾಕ್ ದಾರಿಯಲ್ಲಿ ಒಂದರ ಬದಲು ಮೂರು ರೆಸಿಸ್ಟರ್‌ಗಳಿವೆ. ಮೈನಸ್ ಇನ್‌ಪುಟ್‌ನಿಂದ ನಡುವಿನ ಒಂದು ಬಿಂದುವಿಗೆ 100 ಕಿಲೋ ಓಂ, ಆ ಬಿಂದುವಿನಿಂದ ಔಟ್‌ಪುಟ್‌ಗೆ 100 ಕಿಲೋ ಓಂ, ಅದೇ ಬಿಂದುವಿನಿಂದ ಗ್ರೌಂಡಿಗೆ 2 ಕಿಲೋ ಓಂ. ಇದಕ್ಕೆ ಟಿ-ನೆಟ್‌ವರ್ಕ್ ಎನ್ನುತ್ತಾರೆ.

ಇನ್‌ಪುಟ್ 0.1 ವೋಲ್ಟ್ ಇರಲಿ. ಆರ್1ರಲ್ಲಿ 1 ಮೈಕ್ರೊಆಂಪಿಯರ್. ಅದು ಮೊದಲ 100 ಕಿಲೋ ಓಂನಲ್ಲಿ ಮುಂದುವರಿದು 0.1 ವೋಲ್ಟ್ ಇಳಿಸುತ್ತದೆ, ನಡುವಿನ ಬಿಂದು −0.1 ವೋಲ್ಟಿಗೆ ಬರುತ್ತದೆ. ಗ್ರೌಂಡಿನಿಂದ ಆ ಬಿಂದುವಿಗೆ 2 ಕಿಲೋ ಓಂ ಮೂಲಕ 50 ಮೈಕ್ರೊಆಂಪಿಯರ್ ಬಂದು ಸೇರುತ್ತದೆ. ಒಟ್ಟು 51 ಮೈಕ್ರೊಆಂಪಿಯರ್ ಕೊನೆಯ 100 ಕಿಲೋ ಓಂನಲ್ಲಿ ಹರಿದು 5.1 ವೋಲ್ಟ್ ಇಳಿಸುತ್ತದೆ. ಔಟ್‌ಪುಟ್ −0.1 − 5.1 = −5.2 ವೋಲ್ಟ್. ಗೇನ್ −52. ಇಷ್ಟೇ ಗೇನನ್ನು ಒಂದೇ ರೆಸಿಸ್ಟರಿನಿಂದ ಪಡೆಯಬೇಕಾದರೆ 5.2 ಮೆಗಾ ಓಂ ಬೇಕಾಗುತ್ತಿತ್ತು. ಬಿಂದುವಿನಿಂದ ಬಿಂದುವಿಗೆ ಕರೆಂಟನ್ನು ಹಿಂಬಾಲಿಸಿದ್ದಷ್ಟೇ ಇಲ್ಲಿಯ ಕೆಲಸ, ಯಾವ ಸೂತ್ರದ ನೆನಪೂ ಬೇಕಾಗಲಿಲ್ಲ.

ಹಂತಗಳು ಮತ್ತು ಡೆಸಿಬೆಲ್

ಒಂದರ ಹಿಂದೆ ಒಂದು ಆಂಪ್ಲಿಫೈಯರ್ ಇದ್ದರೆ ಗೇನ್‌ಗಳನ್ನು ಗುಣಿಸಬೇಕು. −10 ಮತ್ತು 11 ಸೇರಿ −110. ಡೆಸಿಬೆಲ್‌ನಲ್ಲಿ ಹೇಳುವಾಗ ಗೇನಿನ ಲಾಗರಿದಮ್ಮನ್ನು 20ರಿಂದ ಗುಣಿಸುತ್ತಾರೆ, ಚಿಹ್ನೆಯನ್ನು ಬಿಟ್ಟು. ಗೇನ್ 2 ಎಂದರೆ 6 ಡೆಸಿಬೆಲ್, 10 ಎಂದರೆ 20, 100 ಎಂದರೆ 40, 741ರ 2,00,000 ಎಂದರೆ 106. ಡೆಸಿಬೆಲ್‌ನಲ್ಲಿ ಹಂತಗಳನ್ನು ಕೂಡಿಸಿದರೆ ಸಾಕು.

ಲೆಕ್ಕಕ್ಕೂ ಅಳತೆಗೂ ನಡುವಿನ ಅಂತರ

ಓಪನ್-ಲೂಪ್ ಗೇನ್ ಅನಂತವಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಏನಾಗುತ್ತದೆ? ನಾನ್-ಇನ್ವರ್ಟಿಂಗ್ ಸರ್ಕ್ಯೂಟಿನಲ್ಲಿ

ನಿಜವಾದ ಗೇನ್ = ಸೂತ್ರದ ಗೇನ್ ÷ [1 + (ಸೂತ್ರದ ಗೇನ್ ÷ ಓಪನ್-ಲೂಪ್ ಗೇನ್)]

ಆರ್1 1 ಕಿಲೋ ಓಂ, ಆರ್2 100 ಕಿಲೋ ಓಂ ಇದ್ದರೆ ಸೂತ್ರದ ಗೇನ್ 101. ಓಪನ್-ಲೂಪ್ ಗೇನ್ 2,00,000 ಇದ್ದಾಗ ನಿಜವಾದ ಗೇನ್ 100.95. ಐಸಿ ಕಳಪೆಯಾಗಿ ಓಪನ್-ಲೂಪ್ ಗೇನ್ 20,000ಕ್ಕೆ ಇಳಿದಿದ್ದರೂ 100.5. ಐಸಿಯ ಗೇನ್ ಹತ್ತು ಪಟ್ಟು ಕುಸಿದಾಗ ಸರ್ಕ್ಯೂಟಿನ ಗೇನ್ ಅರ್ಧ ಶೇಕಡಾದಷ್ಟೂ ಬದಲಾಗಲಿಲ್ಲ. ಬ್ಲ್ಯಾಕ್ ಅವರ ಉಪಾಯದ ಶಕ್ತಿ ಇದು.

ರೆಸಿಸ್ಟರ್‌ಗಳ ವಿಷಯ ಹಾಗಲ್ಲ. ಚಿನ್ನದ ಬಣ್ಣದ ಪಟ್ಟಿಯಿರುವ ಶೇ 5ರ ರೆಸಿಸ್ಟರ್‌ಗಳಲ್ಲಿ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ತಪ್ಪಿದರೆ ಇದೇ ಗೇನ್ 91.5ರಿಂದ 111.5ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಶೇ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ ಅದು 99ರಿಂದ 103ರ ನಡುವೆ ನಿಲ್ಲುತ್ತದೆ. ಗೇನ್ ನಿಖರವಾಗಿರಬೇಕೆಂದರೆ ಖರ್ಚು ಮಾಡಬೇಕಾದದ್ದು ಮೊದಲು ರೆಸಿಸ್ಟರ್ ಮೇಲೆ, ಆಮೇಲೆ ಐಸಿಯ ಮೇಲೆ.

ಅನುಪಾತ ಒಂದೇ ಇದ್ದರೂ ಬೆಲೆಗಳನ್ನು ಮನಬಂದಂತೆ ಆರಿಸುವ ಹಾಗಿಲ್ಲ. ಆರ್2 100 ಓಂ ಆಗಿದ್ದು ಔಟ್‌ಪುಟ್ 10 ವೋಲ್ಟ್ ಆಗಬೇಕೆಂದರೆ ಫೀಡ್‌ಬ್ಯಾಕ್‌ಗೇ 100 ಮಿಲಿಆಂಪಿಯರ್ ಬೇಕು. 741 ಸುಮಾರು 25 ಮಿಲಿಆಂಪಿಯರ್‌ಗಿಂತ ಹೆಚ್ಚು ಕೊಡಲಾರದು. ಆರ್2 1 ಮೆಗಾ ಓಂ ಆದರೆ ನಿರ್ಲಕ್ಷಿಸಿದ್ದ 80 ನ್ಯಾನೊಆಂಪಿಯರ್ ಬಯಾಸ್ ಕರೆಂಟೇ ಔಟ್‌ಪುಟ್‌ನಲ್ಲಿ 80 ಮಿಲಿವೋಲ್ಟ್ ತಪ್ಪು ತರುತ್ತದೆ. ಸಾಮಾನ್ಯ ಕೆಲಸಕ್ಕೆ 1 ಕಿಲೋ ಓಂನಿಂದ 100 ಕಿಲೋ ಓಂವರೆಗಿನ ಬೆಲೆಗಳು ಸುರಕ್ಷಿತ.

ಆಫ್‌ಸೆಟ್ ವೋಲ್ಟೇಜ್ ಇನ್ನೊಂದು ಕಾಟ. ಇನ್‌ಪುಟ್ ಸೊನ್ನೆ ಇದ್ದರೂ ಐಸಿಯ ಒಳಗಿನ ಅಸಮತೋಲನದಿಂದ ಒಂದು ಚಿಕ್ಕ ವೋಲ್ಟೇಜ್ ಇದ್ದಂತೆ ಆಗುತ್ತದೆ. ವಾಣಿಜ್ಯ ದರ್ಜೆಯ 741ರಲ್ಲಿ ಅದು 6 ಮಿಲಿವೋಲ್ಟ್‌ವರೆಗೂ ಇರಬಹುದು. ಗೇನ್ 101 ಆದಾಗ ಔಟ್‌ಪುಟ್‌ನಲ್ಲಿ 0.6 ವೋಲ್ಟ್. ಇನ್ವರ್ಟಿಂಗ್ ಸರ್ಕ್ಯೂಟಿನಲ್ಲೂ ಆಫ್‌ಸೆಟ್ ಹಿಗ್ಗುವುದು 1 + (ಆರ್2 ÷ ಆರ್1) ಪಟ್ಟು. ಇದಕ್ಕೆ ನಾಯ್ಸ್ ಗೇನ್ ಎಂಬ ಹೆಸರಿದೆ. ಧ್ವನಿಯಂಥ ಎಸಿ ಸಿಗ್ನಲ್ ಮಾತ್ರ ಬೇಕಿದ್ದರೆ ನಾನ್-ಇನ್ವರ್ಟಿಂಗ್ ಸರ್ಕ್ಯೂಟಿನ ಆರ್1ಕ್ಕೂ ಗ್ರೌಂಡಿಗೂ ನಡುವೆ ಒಂದು ಕೆಪಾಸಿಟರ್ ಹಾಕುವುದು ಒಳ್ಳೆಯ ಪರಿಹಾರ. ಡಿಸಿಗೆ ಗೇನ್ 1 ಆಗುತ್ತದೆ, ಆಫ್‌ಸೆಟ್ ಹಿಗ್ಗುವುದಿಲ್ಲ. ಆರ್1 1 ಕಿಲೋ ಓಂ, ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಇದ್ದರೆ ಸುಮಾರು 16 ಹರ್ಟ್ಸ್‌ನಿಂದ ಮೇಲೆ ಪೂರ್ಣ ಗೇನಿನತ್ತ ಏರುತ್ತದೆ.

ವೇಗದ ಮಿತಿ

741ರ 2,00,000 ಗೇನ್ ಇರುವುದು ಡಿಸಿಯಲ್ಲಿ. ಕೇವಲ 5 ಹರ್ಟ್ಸ್ ಆಸುಪಾಸಿನಲ್ಲೇ ಅದು ಇಳಿಯತೊಡಗುತ್ತದೆ, 1 ಮೆಗಾಹರ್ಟ್ಸ್ ಹೊತ್ತಿಗೆ 1ಕ್ಕೆ ಬರುತ್ತದೆ. ಈ ಇಳಿಜಾರಿನಲ್ಲಿ ಗೇನ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧ ಎಲ್ಲೆಡೆ ಒಂದೇ, 10 ಲಕ್ಷ. ಇದನ್ನು ಗೇನ್-ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಅದನ್ನು ನಾಯ್ಸ್ ಗೇನಿನಿಂದ ಭಾಗಿಸಿದರೆ ಸರ್ಕ್ಯೂಟಿನ ಬ್ಯಾಂಡ್‌ವಿಡ್ತ್ ಸಿಗುತ್ತದೆ. −1 ಗೇನಿನ ಇನ್ವರ್ಟಿಂಗ್ ಸರ್ಕ್ಯೂಟಿನ ನಾಯ್ಸ್ ಗೇನ್ 2, ಆದ್ದರಿಂದ ಅದರ ಬ್ಯಾಂಡ್‌ವಿಡ್ತ್ 5 ಲಕ್ಷ ಹರ್ಟ್ಸ್. ಇಲ್ಲಿ ಸೀದಾ 1ರಿಂದ ಭಾಗಿಸುವುದು ಪದೇ ಪದೇ ಕಾಣುವ ತಪ್ಪು.

ಗೇನ್ 101 ಇದ್ದಾಗ ಬ್ಯಾಂಡ್‌ವಿಡ್ತ್ ಸುಮಾರು 10 ಕಿಲೋಹರ್ಟ್ಸ್. ಆ ಫ್ರೀಕ್ವೆನ್ಸಿಯಲ್ಲಿ ನಿಜವಾದ ಗೇನ್ 71, 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 45. ಸಂಗೀತದ ಮೈಕಿಗೆ ಇದು ಸಾಲದು. ಗೇನ್ 10ರ ಎರಡು ಹಂತಗಳನ್ನು ಜೋಡಿಸಿದರೆ ಒಂದೊಂದಕ್ಕೂ 100 ಕಿಲೋಹರ್ಟ್ಸ್ ಸಿಗುತ್ತದೆ, ಎರಡೂ ಸೇರಿದಾಗ ಸುಮಾರು 64. ಆಗ 20 ಕಿಲೋಹರ್ಟ್ಸ್‌ನಲ್ಲೂ ಗೇನ್ 96 ಉಳಿದಿರುತ್ತದೆ. ಒಂದೇ ಹಂತದಲ್ಲಿ ಎಲ್ಲ ಗೇನನ್ನೂ ಹಿಂಡುವುದಕ್ಕಿಂತ ಹಂಚಿಕೊಳ್ಳುವುದು ಲೇಸು.

ದೊಡ್ಡ ಅಲೆಗಳಿಗೆ ಸ್ಲ್ಯೂ ರೇಟ್ ಎಂಬ ಇನ್ನೊಂದು ಮಿತಿಯಿದೆ. 741ರ ಔಟ್‌ಪುಟ್ ಮೈಕ್ರೊಸೆಕೆಂಡಿಗೆ ಅರ್ಧ ವೋಲ್ಟಿಗಿಂತ ವೇಗವಾಗಿ ಬದಲಾಗದು. 10 ವೋಲ್ಟ್ ಎತ್ತರದ ಸೈನ್ ಅಲೆ ಸುಮಾರು 8 ಕಿಲೋಹರ್ಟ್ಸ್ ದಾಟಿದರೆ ತ್ರಿಕೋನದಂತೆ ವಿಕಾರವಾಗುತ್ತದೆ. ಟಿಎಲ್072 ಎಂಬ ಆಪ್-ಆಂಪಿನಲ್ಲಿ ಈ ವೇಗ ಮೈಕ್ರೊಸೆಕೆಂಡಿಗೆ ಸುಮಾರು 13 ವೋಲ್ಟ್.

ಒಂದು ವಿನ್ಯಾಸ

ಎಲ್ಎಂ35 ಉಷ್ಣತೆಯ ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. 100 ಡಿಗ್ರಿಗೆ 1 ವೋಲ್ಟ್. ಅದನ್ನು ಮೈಕ್ರೊಕಂಟ್ರೋಲರಿನ 5 ವೋಲ್ಟ್ ಅಳತೆಗೆ ಹಿಗ್ಗಿಸಬೇಕು. ಗೇನ್ 5 ಬೇಕು, ನಾನ್-ಇನ್ವರ್ಟಿಂಗ್ ಸರ್ಕ್ಯೂಟಿನಲ್ಲಿ ಆರ್2 ಆರ್1ರ ನಾಲ್ಕು ಪಟ್ಟು. 10 ಮತ್ತು 39 ಕಿಲೋ ಓಂ ಹಾಕಿದರೆ 4.9. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೆಲೆಗಳೂ ಇವೇ.

ಕಾಗದದ ಮೇಲೆ ಎಲ್ಲ ಸರಿ. ಆದರೆ ಅಗ್ಗದ ಎಲ್ಎಂ358 ಆಪ್-ಆಂಪನ್ನು 5 ವೋಲ್ಟ್ ಸಪ್ಲೈನಲ್ಲಿ ಓಡಿಸಿದರೆ ಅದರ ಔಟ್‌ಪುಟ್ ಸುಮಾರು 3.5 ವೋಲ್ಟಿಗೆ ನಿಂತುಬಿಡುತ್ತದೆ. ಅಂದರೆ ಸುಮಾರು 71 ಡಿಗ್ರಿಯ ಮೇಲೆ ಎಷ್ಟೇ ಬಿಸಿಯಾದರೂ ಅಂಕಿ ಬದಲಾಗದು. ಎರಡು ದಾರಿಗಳಿವೆ. 10 ಮತ್ತು 20 ಕಿಲೋ ಓಂ ಹಾಕಿ ಗೇನನ್ನು 3ಕ್ಕೆ ಇಳಿಸಿ, 100 ಡಿಗ್ರಿಗೆ 3 ವೋಲ್ಟ್ ಎಂದು ಪ್ರೋಗ್ರಾಮಿನಲ್ಲಿ ಬರೆಯಬಹುದು. ಇಲ್ಲವೇ ಎಂಸಿಪಿ6002ರಂಥ, ಔಟ್‌ಪುಟ್ ಸಪ್ಲೈನ ಅಂಚಿನವರೆಗೂ ಹೋಗಬಲ್ಲ ರೈಲ್-ಟು-ರೈಲ್ ಆಪ್-ಆಂಪ್ ಬಳಸಬಹುದು. ಮೊದಲನೆಯದಕ್ಕೆ ಖರ್ಚಿಲ್ಲ. ಡಿಗ್ರಿಯ ಹತ್ತನೇ ಒಂದು ಭಾಗದವರೆಗೆ ನೋಡಬೇಕಾದ ಕೆಲಸವಲ್ಲದಿದ್ದರೆ ಅದೇ ಮೇಲು.

ಬೆಂಚಿನ ಮೇಲೆ ಪರೀಕ್ಷೆ

ಡಿಸಿ ಗೇನ್ ಅಳೆಯುವಾಗ ಮೊದಲು ಇನ್‌ಪುಟನ್ನು ಗ್ರೌಂಡಿಗೆ ಜೋಡಿಸಿ ಔಟ್‌ಪುಟ್ ಗುರುತಿಸಿಕೊಳ್ಳಬೇಕು. ಬಳಿಕ 0.1 ವೋಲ್ಟ್ ಕೊಟ್ಟು ಮತ್ತೆ ಅಳೆಯಬೇಕು. ಔಟ್‌ಪುಟ್‌ನಲ್ಲಾದ ಬದಲಾವಣೆಯನ್ನು 0.1ರಿಂದ ಭಾಗಿಸಿದರೆ ಆಫ್‌ಸೆಟ್ ಕಳೆದುಹೋಗಿ ಶುದ್ಧ ಗೇನ್ ಸಿಗುತ್ತದೆ. ಎಸಿಗೆ 1 ಕಿಲೋಹರ್ಟ್ಸ್‌ನ ಚಿಕ್ಕ ಸೈನ್ ಅಲೆ ಕೊಟ್ಟು ಆಸಿಲೊಸ್ಕೋಪಿನ ಎರಡು ಚಾನೆಲ್‌ಗಳಲ್ಲಿ ಇನ್‌ಪುಟ್, ಔಟ್‌ಪುಟ್ ಎರಡನ್ನೂ ನೋಡಬೇಕು. ಅಲೆಯ ನೆತ್ತಿ ಚಪ್ಪಟೆಯಾಗಿದ್ದರೆ ಇನ್‌ಪುಟನ್ನು ಇನ್ನೂ ತಗ್ಗಿಸಬೇಕು.

ಅಳತೆ ಸೂತ್ರಕ್ಕೆ ಹೊಂದದಿದ್ದಾಗ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು 741ರ 2ನೇ ಮತ್ತು 3ನೇ ಪಿನ್‌ಗಳ ಮೇಲೆ, ಅಂದರೆ ಮೈನಸ್ ಮತ್ತು ಪ್ಲಸ್ ಇನ್‌ಪುಟ್‌ಗಳ ಮೇಲೆ ಇಟ್ಟು ನೋಡುವುದು ಎಲ್ಲಕ್ಕಿಂತ ಬೇಗ ಉತ್ತರ ಕೊಡುವ ಪರೀಕ್ಷೆ. ಕೆಲವೇ ಮಿಲಿವೋಲ್ಟ್ ಕಂಡರೆ ಆಪ್-ಆಂಪ್ ತನ್ನ ಕೆಲಸ ಮಾಡುತ್ತಿದೆ, ತಪ್ಪನ್ನು ರೆಸಿಸ್ಟರ್ ಬೆಲೆಗಳಲ್ಲಿ ಅಥವಾ ಸಿಗ್ನಲ್ ಮೂಲದಲ್ಲಿ ಹುಡುಕಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಔಟ್‌ಪುಟ್ ಸ್ಯಾಚುರೇಷನ್‌ಗೆ ಹೋಗಿದೆ, ಇಲ್ಲವೇ ಫೀಡ್‌ಬ್ಯಾಕ್ ತಂತಿ ಬಿಟ್ಟಿದೆ, ಇಲ್ಲವೇ ಪ್ಲಸ್-ಮೈನಸ್ ಅದಲುಬದಲಾಗಿವೆ, ಇಲ್ಲವೇ 4 ಅಥವಾ 7ನೇ ಪಿನ್ನಿಗೆ ಸಪ್ಲೈ ಬಂದಿಲ್ಲ. ಆ ದೋಷವನ್ನು ಸರಿಪಡಿಸುವವರೆಗೆ ಗೇನಿನ ಯಾವ ಸೂತ್ರವೂ ಆ ಸರ್ಕ್ಯೂಟಿಗೆ ಅನ್ವಯಿಸುವುದಿಲ್ಲ.